ಅರ್ಕಾವತಿ: ಮಳೆಯಿದ್ದೂ ಬತ್ತಿದ ಹೊಳೆ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಚರಿತ್ರೆಯನ್ನು ನಾನು ಬೆಂಗಳೂರಿನ ಬಾಯಾರಿಕೆಯ ಚರಿತ್ರೆಯಾಗಿ ಓದುತ್ತೇನೆ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳವೆಯಲ್ಲಿ ನೀರು ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಅದೂ ಸಾಲದೆ 1974ರಿಂದ ಕಾವೇರಿ ನೀರು ಬರತೊಡಗಿತು. 1901ರಲ್ಲಿ ಎರಡು ಲಕ್ಷವೂ ಇರದಿದ್ದ ಜನಸಂಖ್ಯೆ 2011ರಲ್ಲಿ 80 ಲಕ್ಷ ದಾಟಿತ್ತು.

ಹೊಳೆ ಬತ್ತಿದರೆ ಮಳೆಯನ್ನು ದೂರುವುದು ರೂಢಿ. ಆದರೆ ಸಂಶೋಧಕರು ದಶಕಗಳ ಲೆಕ್ಕ ತೆಗೆದು ನೋಡಿದಾಗ ಈ ಸೀಮೆಯ ಮಳೆ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಬದಲಾದದ್ದು ನೆಲದ ಬಳಕೆ. ರಾಗಿ ಹೊಲಗಳಿಗೆ ನೀಲಗಿರಿ ಬಂತು. ಕೊಯ್ಲಾದ ಮೇಲೆ ರಾಗಿ ನೀರು ಕೇಳುವುದಿಲ್ಲ. ನೀಲಗಿರಿ ವರ್ಷವಿಡೀ ಹೀರುತ್ತದೆ. ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕಿಳಿಸಿದವು. ಮಳೆಗಾಲ ಮುಗಿದ ಮೇಲೂ ಹೊಳೆಗೆ ಜಿನುಗುತ್ತಿದ್ದ ಒರತೆ ನಿಂತುಹೋಯಿತು.

ಇದಕ್ಕಾಗಿ ರೈತರನ್ನು ನಾನು ದೂರಲಾರೆ. ಮಕ್ಕಳು ಕೆಲಸಕ್ಕೆಂದು ನಗರ ಸೇರಿದ ಮನೆಗೆ, ಆಳುಕಾಳು ಹೆಚ್ಚು ಬೇಡದ ನೀಲಗಿರಿಯೇ ಅನುಕೂಲವಾಗಿ ಕಂಡಿತು. ನಗರ ಮೊದಲು ಹೊಳೆಯ ನೀರನ್ನು ಒಯ್ದಿತು, ಆಮೇಲೆ ಹೊಲದಲ್ಲಿ ದುಡಿಯುವ ಕೈಗಳನ್ನು.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ಕಿತ್ತರಷ್ಟೇ ಸಾಲದು. ಆ ಹೊಲದಲ್ಲಿ ಮತ್ತೆ ರಾಗಿ ಬಿತ್ತುವವರ ಬದುಕೂ ನಡೆಯಬೇಕು.