ತಳಕು
ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಗ್ರಾಮ, ಹೋಬಳಿ ಕೇಂದ್ರ. ತಳುಕು ಎಂದೂ ಬರೆಯುವುದುಂಟು. ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯಲ್ಲಿದೆ, ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ.

ನೆಲ, ಬದುಕು: ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಬಯಲುಸೀಮೆಯಿದು. ಕುರುಚಲು ಕಾಡು, ಕಲ್ಲುಗುಡ್ಡ, ಹುಲ್ಲುಗಾವಲಿನ ಕಾವಲುಗಳು ಸುತ್ತಲ ನೋಟ. ಮಳೆಯನ್ನೇ ನಂಬಿದ ಶೇಂಗಾ ಮುಖ್ಯ ಬೆಳೆ. ಕುರಿ ಸಾಕಣೆ, ಕಂಬಳಿ ನೇಯ್ಗೆ ಈ ಸೀಮೆಯ ಹಳೆಯ ಕಸುಬುಗಳು. ಇಲ್ಲಿನ ಮ್ಯಾಸನಾಯಕ ಸಮುದಾಯದವರು ದೇವರ ಎತ್ತುಗಳನ್ನು ದುಡಿಮೆಗೆ ಹೂಡದೆ ಪೂಜ್ಯಭಾವದಿಂದ ಸಲಹುತ್ತಾರೆ.

ಪರಂಪರೆ: ಕನ್ನಡ ಸಾಹಿತ್ಯದಲ್ಲಿ ಊರಿನ ಹೆಸರನ್ನು ಉಳಿಸಿದ್ದು ಒಂದೇ ಮನೆತನ. ಟಿ.ಎಸ್. ವೆಂಕಣ್ಣಯ್ಯ (1885–1939) ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ವೆಂಕಣ್ಣಯ್ಯನವರ ತಮ್ಮ ತ.ಸು. ಶಾಮರಾಯ ವಿದ್ವಾಂಸರು, ಅಧ್ಯಾಪಕರು. ಈ ಇಬ್ಬರ ಇನ್ನೊಬ್ಬ ಸೋದರನ ಮಗ ತ.ರಾ.ಸು. (1920–1984) ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕಾದಂಬರಿಗಳಲ್ಲಿ ಕಟ್ಟಿಕೊಟ್ಟರು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಸುತ್ತಮುತ್ತ: ತಿಪ್ಪೇರುದ್ರಸ್ವಾಮಿಯ ಕ್ಷೇತ್ರ ನಾಯಕನಹಟ್ಟಿ ಇದೇ ತಾಲ್ಲೂಕಿನಲ್ಲಿದೆ. ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ.