ಕಾರಿನಲ್ಲಿ ಮಗುವಿಗೆ ಮಡಿಲೇ ಸುರಕ್ಷಿತವೇ? ಸಣ್ಣ ಕಾರಿನಲ್ಲಿ ಬೇಬಿ ಸೀಟ್ ಸರಿಯಾಗಿ ಕೂರಿಸುವುದು ಹೇಗೆ?

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ, ಬಾಣಂತನ ನವಲಗುಂದದ ತವರಿನಲ್ಲಿ. ಸೋದರಮಾವನ ಕಾರು ಬರುತ್ತದೆ, ಕೂಸು ಆಯಿಯ ಮಡಿಲಲ್ಲಿ. ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಬಹುತೇಕ ಮನೆಗಳಲ್ಲಿ ಮಗುವಿನ ಮೊದಲ ಪ್ರಯಾಣ ಹೀಗೆಯೇ ಆಗುತ್ತದೆ. ಬೇಬಿ ಸೀಟ್ ಮಾತು ಬಂದರೆ ಉತ್ತರ ಸಿದ್ಧ: "ಅದು ಫಾರಿನ್‌ನವರಿಗೆ. ನಮ್ಮ ಸಣ್ಣ ಕಾರಿನಲ್ಲಿ ಹಿಡಿಸುವುದಿಲ್ಲ. ಮಡಿಲಿಗಿಂತ ಸುರಕ್ಷಿತ ಜಾಗ ಯಾವುದಿದೆ?"

ಈ ಮಾತು ನಿಜವೇ? ಚುಟುಕಾಗಿ ಹೇಳುವುದಾದರೆ, ಇಲ್ಲ. ಕಾರು ಡಿಕ್ಕಿಯಾದಾಗ ಮಗುವನ್ನು ಮಡಿಲಲ್ಲಿ ಹಿಡಿದುಕೊಳ್ಳುವುದು ಯಾರಿಂದಲೂ ಆಗದು. ಬೇಬಿ ಸೀಟ್ ಸಣ್ಣ ಕಾರಿನಲ್ಲೂ ಕೂರುತ್ತದೆ. ಆದರೆ ಕೊಳ್ಳುವ ಮೊದಲು ಅಳತೆ ನೋಡಬೇಕು, ಕೊಂಡ ಮೇಲೆ ಸರಿಯಾಗಿ ಬಿಗಿಯಬೇಕು.

ಮಡಿಲು ಏಕೆ ಸಾಲದು?

ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಒಳಗಿರುವ ಪ್ರತಿಯೊಬ್ಬರೂ ಅದೇ ವೇಗದಲ್ಲಿರುತ್ತಾರೆ. ಕಾರು ಏನಕ್ಕಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಕಾರು ನಿಂತರೂ ಮಗು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆಗ 7 ಕೆಜಿ ತೂಕದ ಕೂಸನ್ನು ಹಿಡಿದು ನಿಲ್ಲಿಸಲು ಸುಮಾರು 100 ಕೆಜಿ ಭಾರ ಹಿಡಿಯುವಷ್ಟು ಬಲ ಬೇಕು. ಅಂದರೆ ಒಂದು ಕ್ವಿಂಟಲ್! ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೂ ಸುಮಾರು 60 ಕೆಜಿ. ಅದೂ ಮುನ್ಸೂಚನೆ ಇಲ್ಲದೆ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ. ಪ್ರೀತಿ ಎಷ್ಟಿದ್ದರೂ ತೋಳಿಗೆ ಅಷ್ಟು ಶಕ್ತಿ ಇರುವುದಿಲ್ಲ.

ಹಿಡಿದವರು ಬೆಲ್ಟ್ ಹಾಕಿರದಿದ್ದರೆ ಅಪಾಯ ಇನ್ನೂ ಹೆಚ್ಚು. ಅವರ ದೇಹವೇ ಮಗುವಿನ ಮೇಲೆ ಬಿದ್ದು ಅದನ್ನು ಮುಂದಿನ ಸೀಟಿಗೆ ಅದುಮುತ್ತದೆ. "ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರಾಯಿತು" ಎನ್ನುವುದೂ ಅಷ್ಟೇ ಅಪಾಯ. ದೊಡ್ಡವರ ಭಾರ ಮತ್ತು ಬೆಲ್ಟ್ ನಡುವೆ ಮಗು ಜಜ್ಜಿಹೋಗುತ್ತದೆ.

ನಮ್ಮ ರಸ್ತೆಗಳಲ್ಲಿ ಗಕ್ಕನೆ ಬ್ರೇಕ್ ಹಾಕಲು ಕಾರಣಗಳಿಗೆ ಬರವಿಲ್ಲ: ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಸುಗ್ಗಿಯಲ್ಲಿ ಒಕ್ಕಣೆಗೆ ರಸ್ತೆ ಮೇಲೆ ಹರವಿದ ಬೆಳೆ, ಅಡ್ಡ ಬರುವ ದನಕರು. ನವಲಗುಂದ ಮತ್ತು ಕಲಘಟಗಿ ಎರಡೂ ರಾಷ್ಟ್ರೀಯ ಹೆದ್ದಾರಿ 52ರ ಮೇಲಿವೆ, ಅಣ್ಣಿಗೇರಿ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿದೆ. ದಾರಿ ಒಂದು ತಾಸಿನದ್ದೇ ಇರಬಹುದು, ಆದರೆ ಎದುರಿಗೆ ಬರುವುದು ಲಾರಿ.

ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟ್ ಇಲ್ಲದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ಇದು 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹಾಗಾಗಿ "ಭಾರತದಲ್ಲಿ ಇಂಥ ಕಾನೂನೇ ಇಲ್ಲ" ಎಂಬ ಮಾತು ಸುಳ್ಳು.

ಯಾವ ಸೀಟ್ ಬೇಕು?

ಹಸುಗೂಸಿಗೆ ಬೇಕಾದದ್ದು ಹಿಂಮುಖ ಸೀಟ್. ಅಂದರೆ ಮಗುವಿನ ಮುಖ ಕಾರಿನ ಹಿಂದಿನ ಗಾಜಿನ ಕಡೆಗಿರುವ ಸೀಟ್. ಕಾರಣ ಸರಳ. ನವಜಾತ ಶಿಶುವಿನ ತಲೆ ಅದರ ಉದ್ದದ ಸುಮಾರು ಕಾಲು ಭಾಗದಷ್ಟಿರುತ್ತದೆ, ಕತ್ತು ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಜಗ್ಗಿ ಕತ್ತಿಗೆ ಪೆಟ್ಟಾಗುತ್ತದೆ. ಹಿಂಮುಖವಾಗಿದ್ದರೆ ಹೊಡೆತ ಬೆನ್ನು, ಕತ್ತು, ತಲೆಗೆ ಒಟ್ಟಾಗಿ ಹಂಚಿಹೋಗುತ್ತದೆ. ಸ್ವೀಡನ್ನಿನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಗಗನಯಾತ್ರಿಗಳ ಆಸನ ನೋಡಿ ಈ ಉಪಾಯ ಕಂಡುಕೊಂಡರು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ, ಸರಿಯಾಗಿ ಬಳಸಿದ ಸೀಟ್ ಒಂದು ವರ್ಷದೊಳಗಿನ ಮಕ್ಕಳ ಸಾವಿನ ಅಪಾಯವನ್ನು ಶೇ 71ರಷ್ಟು, 1ರಿಂದ 4 ವರ್ಷದವರಲ್ಲಿ ಶೇ 54ರಷ್ಟು ತಗ್ಗಿಸುತ್ತದೆ.

ಸೀಟನ್ನು ಮಗುವಿನ ವಯಸ್ಸಿಗಿಂತ ತೂಕ ಮತ್ತು ಎತ್ತರ ನೋಡಿ ಆರಿಸಿ. ತೂಕದ ಲೆಕ್ಕದ ಸೀಟುಗಳಲ್ಲಿ 13 ಕೆಜಿವರೆಗಿನದು ಹಿಂಮುಖ ಸೀಟ್. ಕೆಲವು ಸೀಟುಗಳನ್ನು ಮಗು ಬೆಳೆದ ಮೇಲೆ ಮುಂದಕ್ಕೂ ತಿರುಗಿಸಬಹುದು. ಹಾಗೆಂದು ತಿರುಗಿಸಲು ಆತುರ ಬೇಡ. ಸೀಟಿನ ಮೇಲೆ ಬರೆದ ಮಿತಿ ಮುಟ್ಟುವ ತನಕ ಹಿಂಮುಖವೇ ಒಳ್ಳೆಯದು. ಕೊಳ್ಳುವಾಗ ಭಾರತದ ಎಐಎಸ್-072 ಅಥವಾ ಯುರೋಪಿನ ಆರ್44, ಆರ್129 ಮಾನದಂಡದ ಗುರುತು ಇದೆಯೇ ನೋಡಿ. ಗುರುತಿಲ್ಲದ ಬಟ್ಟೆಯ "ಕ್ಯಾರಿಯರ್" ಕಾರಿನ ಸೀಟ್ ಅಲ್ಲ.

ಕೊಳ್ಳುವ ಮೊದಲು ಕಾರಿನಲ್ಲಿ ಏನು ನೋಡಬೇಕು?

ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ನಂಥ ಕಾರುಗಳಲ್ಲಿ ತೊಂದರೆ ಬರುವುದು ಈ ನಾಲ್ಕು ಕಡೆ:

1. ಬೆಲ್ಟ್: ಹೆಚ್ಚಿನ ಬೇಬಿ ಸೀಟುಗಳಿಗೆ ಸೊಂಟ ಮತ್ತು ಭುಜ ಎರಡಕ್ಕೂ ಬರುವ ಬೆಲ್ಟ್ ಬೇಕು. ಸಣ್ಣ ಕಾರುಗಳ ಹಿಂದಿನ ಸಾಲಿನ ನಡುವೆ ಹಲವು ಸಲ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಅಲ್ಲಿ ಕೂರಿಸಬೇಡಿ.

2. ಬೆಲ್ಟಿನ ಉದ್ದ: ಹಿಂಮುಖ ಸೀಟಿನ ಸುತ್ತ ಬೆಲ್ಟ್ ಬಳಸಿ ಬರಬೇಕು. ಕೆಲವು ಕಾರುಗಳಲ್ಲಿ ಅಷ್ಟು ಉದ್ದ ಸಾಲುವುದಿಲ್ಲ. ಅಂಗಡಿಗೆ ಕಾರು ಒಯ್ದು ಕೂರಿಸಿ ನೋಡಿ. ಆನ್‌ಲೈನ್‌ನಲ್ಲಿ ಕೊಂಡರೆ ಮರಳಿಸುವ ಅವಕಾಶ ಇರಲಿ.

3. ಐಸೋಫಿಕ್ಸ್: ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಕೂಡುವ ಸಂದಿಯಲ್ಲಿ, 28 ಸೆಂ.ಮೀ. ಅಂತರದಲ್ಲಿ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಇವು ಇದ್ದರೆ, ಇವಕ್ಕೆ ಹೊಂದುವ ಸೀಟ್ ಕೊಂಡರೆ ಕೂರಿಸುವುದು ಸುಲಭ, ತಪ್ಪೂ ಕಡಿಮೆ. ಇಲ್ಲದಿದ್ದರೆ ಬೆಲ್ಟಿನಿಂದಲೂ ಗಟ್ಟಿಯಾಗಿ ಕೂರಿಸಬಹುದು.

4. ಸೀಟ್ ಕವರ್: ಅನೇಕ ಕಾರುಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಮತ್ತು ಈ ಕೊಂಡಿಗಳು ರೆಕ್ಸಿನ್ ಕವರಿನ ಕೆಳಗೆ ಹೂತುಹೋಗಿರುತ್ತವೆ. ಅವನ್ನು ಹೊರಗೆ ತೆಗೆಯಿರಿ. ಜಾರುವ, ಸಡಿಲ ಕವರ್ ಆಗಿದ್ದರೆ ಆ ಭಾಗದಲ್ಲಿ ಬಿಚ್ಚಿಬಿಡಿ.

ಕೂರಿಸುವುದು ಹೇಗೆ?

ಮೊದಲ ಮಾತು: ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಸೀಟನ್ನು ಎಂದೂ ಇಡಬೇಡಿ. ಉಬ್ಬುವ ಏರ್‌ಬ್ಯಾಗ್ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ, ಪ್ರಾಣವೇ ಹೋಗಬಹುದು. 2022ರಿಂದ ತಯಾರಾದ ಕಾರುಗಳಲ್ಲಿ ಚಾಲಕರ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇರುತ್ತದೆ.

ಹಿಂದಿನ ಸಾಲಿನ ಎಡಬದಿ, ಅಂದರೆ ಚಾಲಕರ ಪಕ್ಕದ ಸೀಟಿನ ಹಿಂದೆ ಇಡುವುದು ಅನುಕೂಲ. ಮಗುವನ್ನು ರಸ್ತೆಯ ಅಂಚಿನ ಕಡೆಯಿಂದ ಇಳಿಸಬಹುದು. ಹಿಂಮುಖ ಸೀಟಿಗೆ ಜಾಗ ಹೆಚ್ಚು ಬೇಕು, ಅದಕ್ಕಾಗಿ ಮುಂದಿನ ಸೀಟನ್ನು ಮುಂದಕ್ಕೆ ಸರಿಸಬೇಕಾಗುತ್ತದೆ. ಅಲ್ಲಿ ಕೂರುವವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವಂತಿದ್ದರೆ ಆ ಸೀಟು ಖಾಲಿ ಇರಲಿ. ತಾಯಿ ಹಿಂದೆ, ಮಗುವಿನ ಪಕ್ಕ ಬೆಲ್ಟ್ ಹಾಕಿ ಕೂರಲಿ.

ಬೆಲ್ಟನ್ನು ಸೀಟಿನ ಮೇಲೆ ಗುರುತು ಮಾಡಿದ ದಾರಿಯಲ್ಲೇ ಹಾಯಿಸಿ. ತೂಕದ ಲೆಕ್ಕದ ಸೀಟುಗಳಲ್ಲಿ ಹಿಂಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು ಗುರುತು. ಬಕಲ್ ಹಾಕಿ, ಅಂಗೈಯಿಂದ ಸೀಟನ್ನು ಬಲವಾಗಿ ಒತ್ತಿ ಹಿಡಿದು ಬೆಲ್ಟಿನ ಸಡಿಲವನ್ನೆಲ್ಲ ಎಳೆದುಬಿಡಿ. ಎಲ್ಲೂ ತಿರುಚಿರಬಾರದು. ಈಗ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಯಾವ ಕಡೆಗೂ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.

ಕೊನೆಗೆ ಓರೆ ನೋಡಿ. ಕೂಸು ತೀರ ನೆಟ್ಟಗೆ ಕೂತರೆ ಗದ್ದ ಎದೆಗೆ ಬಾಗಿ ಉಸಿರಿಗೆ ತೊಂದರೆಯಾಗುತ್ತದೆ. ಸೀಟಿನ ಮೇಲಿನ ಗೆರೆ ಅಥವಾ ಕೈಪಿಡಿ ಹೇಳಿದಷ್ಟು ಹಿಂದಕ್ಕೆ ವಾಲಿರಲಿ.

ಮಗುವನ್ನು ಕಟ್ಟುವಾಗ

ಹಿಂಮುಖ ಸೀಟಿನಲ್ಲಿ ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಹೊರಬರಬೇಕು. ಭುಜದ ಬಳಿ ಪಟ್ಟಿಯನ್ನು ಚಿವುಟಿ ನೋಡಿ. ಬೆರಳಿಗೆ ಮಡಿಕೆ ಸಿಕ್ಕರೆ ಸಡಿಲವಿದೆ ಎಂದರ್ಥ.

ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದಿದೆ. ಕುಲಾವಿ, ಕುಂಚಿಗೆ, ಮೇಲೊಂದು ದಪ್ಪ ದುಪಟಿ ಸುತ್ತಿ, ಆಮೇಲೆ ಪಟ್ಟಿ ಬಿಗಿಯುವುದು. ಡಿಕ್ಕಿಯಲ್ಲಿ ಬಟ್ಟೆ ಅದುಮಿಕೊಂಡು ಪಟ್ಟಿ ಸಡಿಲವಾಗುತ್ತದೆ, ಮಗು ಜಾರಿ ಹೊರಬರಬಹುದು. ತೆಳು ಅಂಗಿಯ ಮೇಲೆ ಪಟ್ಟಿ ಬಿಗಿಯಿರಿ, ಹೊದಿಕೆಯನ್ನು ಪಟ್ಟಿಯ ಮೇಲಿನಿಂದ ಹೊದಿಸಿ, ಮುಖ ತೆರೆದಿರಲಿ. ಬೇಸಿಗೆಯಲ್ಲಿ ಬಕಲ್ ಕಾದಿದೆಯೇ ಎಂದು ಮುಟ್ಟಿ ನೋಡಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಇನ್ನಷ್ಟು ಮಾತುಗಳು, ನಿಜವೇನು?

"ಸೀಟಿನಲ್ಲಿ ಮಗು ಅಳುತ್ತದೆ." ಹೌದು, ಮೊದಮೊದಲು ಅಳಬಹುದು. ಕಾರು ನಿಲ್ಲಿಸಿ, ಎತ್ತಿಕೊಂಡು ಹಾಲು ಕುಡಿಸಿ, ಮತ್ತೆ ಕೂರಿಸಿ ಹೊರಡಿ. ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಬೇಡಿ.

"ಸೀಟಿನಲ್ಲೇ ಮಲಗಿದರೆ ಮನೆಯಲ್ಲೂ ಹಾಗೇ ಬಿಡಬಹುದು." ಬೇಡ. ಊರು ಮುಟ್ಟಿದ ಮೇಲೆ ತೊಟ್ಟಿಲಿಗೆ ಅಥವಾ ಸಪಾಟಾದ ಹಾಸಿಗೆಗೆ ಹಾಕಿ. ದೂರದ ಪ್ರಯಾಣದಲ್ಲಿ ಎರಡು ತಾಸಿಗೊಮ್ಮೆಯಾದರೂ ಇಳಿಸಿ. ಹಸುಗೂಸಿಗೆ ಇನ್ನೂ ಬೇಗ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಮನೆಗೆ ಹೊರಡುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ.

"ಹಳೆಯ ಸೀಟ್ ಬಳಸಬಾರದು." ಬಳಸಬಹುದು, ಷರತ್ತಿನ ಮೇಲೆ. ಅದು ಅಪಘಾತಕ್ಕೆ ಸಿಕ್ಕಿರಬಾರದು, ಬಿರುಕಿರಬಾರದು, ಪಟ್ಟಿ ಹರಿದಿರಬಾರದು, ಅದರ ಮೇಲಿನ ಅವಧಿ ಮುಗಿದಿರಬಾರದು. ಅಕ್ಕನ ಮಗು ಬಳಸಿದ ಸೀಟಿನ ಚರಿತ್ರೆ ನಿಮಗೆ ಗೊತ್ತಿರುತ್ತದೆ, ಗುಜರಿಯಲ್ಲಿ ಸಿಕ್ಕಿದ್ದರದು ಗೊತ್ತಿರುವುದಿಲ್ಲ.

ಸೀಟ್ ಇಲ್ಲವೇ ಇಲ್ಲ ಎಂದಾದರೆ?

ಅನಿವಾರ್ಯವಾದರೆ ಮಗುವನ್ನು ಎತ್ತಿಕೊಂಡವರು ಹಿಂದಿನ ಸಾಲಿನಲ್ಲೇ ಕೂರಲಿ, ಬೆಲ್ಟ್ ತಮಗೊಬ್ಬರಿಗೇ ಹಾಕಿಕೊಳ್ಳಲಿ. ಕತ್ತಲಾದ ಮೇಲೆ ಹೊರಡಬೇಡಿ, ವೇಗ ಕಡಿಮೆ ಇರಲಿ. ಆದರೆ ಇದು ಅಪಾಯವನ್ನು ತುಸು ತಗ್ಗಿಸುತ್ತದೆಯೇ ಹೊರತು ಸೀಟಿನ ಜಾಗ ತುಂಬುವುದಿಲ್ಲ.

ತೊಟ್ಟಿಲ ಕಾರ್ಯಕ್ಕೆ ಬಂಧುಗಳು ಬಂಗಾರ, ಬಟ್ಟೆ ತರುತ್ತಾರೆ. ನಾಲ್ಕು ಜನ ಸೇರಿ ಒಂದು ಬೇಬಿ ಸೀಟ್ ಕೊಡಿಸಿದರೆ ಮನೆಯ ಮುಂದಿನ ಕೂಸಿಗೂ ಬರುತ್ತದೆ. ಹೆರಿಗೆಯ ದಿನ ಹತ್ತಿರ ಬರುವ ಮೊದಲೇ ಕೊಂಡು, ಕಾರಿನಲ್ಲಿ ಒಮ್ಮೆ ಕೂರಿಸಿ, ಅಲ್ಲಾಡಿಸಿ ನೋಡಿ. ಮನೆಯಲ್ಲಿ ಬಸುರಿ ಇರುವವರಿಗೆ, ಆಸ್ಪತ್ರೆಯಿಂದ ಕರೆತರಲು ಕಾರು ಓಡಿಸುವವರಿಗೆ ಈ ಮಾಹಿತಿ ಕಳುಹಿಸಿ.