ಇಟ್ಟಾ ಬೀನಾದ ನಾಲ್ಕು ವರ್ಷಗಳು

ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತದ್ದು 1906ರಲ್ಲಿ. ಅದರ ಹಿಂದಿನ ವರ್ಷ ಮೈದಾನಗಳಲ್ಲಿ ಸಂಭವಿಸಿದ ಮರಣಗಳಿಂದ ಕಳವಳಗೊಂಡ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿಕೊಂಡಿದ್ದರು. ನೂಕಾಟವೇ ಪ್ರಧಾನವಾಗಿದ್ದ ಆಟದಲ್ಲಿ, ಅಂಚಿನಗುಂಟ ಓಡಿ ದೂರದಿಂದ ಬರುವ ಚೆಂಡನ್ನು ಹಿಡಿಯುವ ವೈಡ್ ರಿಸೀವರನಿಗೆ ಮುಂದೆ ಎಡೆಯಾದದ್ದು ಈ ನಿಯಮದಿಂದಲೇ. ಆದರೂ ಕೇವಲ ಎಸೆತವನ್ನೇ ನೆಚ್ಚಿ ಆಡುವುದು ಬಹುಕಾಲ ಅನೇಕ ತರಬೇತುದಾರರಿಗೆ ಜೂಜೆಂದೇ ತೋರುತ್ತಿತ್ತು. ಆ ಜೂಜನ್ನು ಮನಸಾರೆ ಆಡಿದವರು ಮಿಸಿಸಿಪಿಯ ಹತ್ತಿಯ ಸೀಮೆಯಲ್ಲಿ, ಇಟ್ಟಾ ಬೀನಾ ಎಂಬ ಸಣ್ಣ ಊರಿನಲ್ಲಿದ್ದರು.

ಮುಂದೆ ವೈಡ್ ರಿಸೀವರನಾಗಿ ಹೆಸರಾದ ಜೆರಿ ರೈಸ್ ಅಲ್ಲಿನ ಕಾಲೇಜಿಗೆ ಬಂದದ್ದು ಬೇರೆ ದೊಡ್ಡ ಕಾಲೇಜುಗಳು ಕರೆಯದಿದ್ದುದರಿಂದ. ಆತ 1962ರಲ್ಲಿ ಅದೇ ಸಂಸ್ಥಾನದಲ್ಲಿ ಜನಿಸಿದವನು; ತಂದೆ ಗಾರೆಕೆಲಸದವರು. ಬೇಸಗೆಯ ಬಿಸಿಲಿನಲ್ಲಿ ಸೋದರರು ಕೆಳಗಿನಿಂದ ತೂರುತ್ತಿದ್ದ ಇಟ್ಟಿಗೆಗಳನ್ನು ಸಾರುವೆಯ ಮೇಲೆ ನಿಂತು ಒಂದೂ ಬೀಳದಂತೆ ಹಿಡಿಯುವುದು ಹುಡುಗನ ಪಾಲಿನ ಕೆಲಸವಾಗಿತ್ತು. ಶಾಲೆಗೆ ಚಕ್ಕರ್ ಹೊಡೆದು ಅಲೆಯುತ್ತಿದ್ದವನು ಅಧಿಕಾರಿಯೊಬ್ಬರ ಕಣ್ಣಿಗೆ ಬಿದ್ದು ಓಟಕಿತ್ತನಂತೆ. ಆ ಓಟವನ್ನು ಕಂಡವರು ಶಿಕ್ಷೆಯೊಡನೆ ಅವನನ್ನು ಫುಟ್‌ಬಾಲ್ ತಂಡಕ್ಕೂ ಸೇರಿಸಿದರು.

ಇಟ್ಟಿಗೆಯ ಕಥೆ ಪತ್ರಿಕೆಗಳಿಗೆ ಬಲು ಪ್ರಿಯವಾದದ್ದು. ನನಗಾದರೋ, ಆ ಕೈಗಳಿಗೆ ತಕ್ಕ ಕೆಲಸವನ್ನು ಕೊಟ್ಟವರ ಕಥೆಯೇ ಹೆಚ್ಚು ಸ್ವಾರಸ್ಯವೆನಿಸುತ್ತದೆ. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1950ರಲ್ಲಿ, ಕರಿಯ ವಿದ್ಯಾರ್ಥಿಗಳಿಗೆಂದು ಇಟ್ಟಾ ಬೀನಾದಲ್ಲಿ ತೆರೆದ ಮಿಸಿಸಿಪಿ ವ್ಯಾಲಿ ವಿದ್ಯಾಸಂಸ್ಥೆಯಲ್ಲಿ, ‘ಗನ್‌ಸ್ಲಿಂಗರ್’ ಎಂದು ಹೆಸರಾಗಿದ್ದ ಆರ್ಚಿ ಕೂಲಿ ಎಂಬ ತರಬೇತುದಾರರು, ಪ್ರತಿ ಆಟದ ನಡುವೆ ಗುಂಪುಗೂಡಿ ಪಿಸುಗುಟ್ಟುವ ಪದ್ಧತಿಯನ್ನೇ ಬಿಟ್ಟು, ಚೆಂಡು ಹಿಡಿಯುವವರನ್ನು ಒಂದೇ ಪಾರ್ಶ್ವದಲ್ಲಿ ಒಬ್ಬರ ಹಿಂದೊಬ್ಬರಾಗಿ ನಿಲ್ಲಿಸಿ, ಎದುರಾಳಿಗಳು ಯಾರನ್ನು ಯಾರು ಕಾಯಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಿರುವಾಗಲೇ, ಎಸೆಗಾರ ವಿಲ್ಲಿ ಟಾಟನ್ ಕೂಗಿ ಹೇಳಿದಂತೆ ಆಟವನ್ನು ಮುಂದುವರಿಸುವ ಕ್ರಮವನ್ನು ರೂಢಿಸಿದರು. 1983ರಲ್ಲಿ ಸದರ್ನ್ ವಿಶ್ವವಿದ್ಯಾಲಯದ ವಿರುದ್ಧ ರೈಸ್ ಒಂದೇ ಪಂದ್ಯದಲ್ಲಿ 24 ಎಸೆತಗಳನ್ನು ಹಿಡಿದ. ಮರುವರ್ಷ ತಂಡದ ಸರಾಸರಿ ಗಳಿಕೆ ಪಂದ್ಯಕ್ಕೆ 60 ಅಂಕಗಳ ಸುತ್ತಮುತ್ತ ಏರಿತು. ಆತನೊಬ್ಬನೇ 27 ಟಚ್‌ಡೌನ್‌ಗಳನ್ನು ಸಾಧಿಸಿದ. ಆ ನವೆಂಬರಿನಲ್ಲಿ ಜಾಕ್ಸನ್ ನಗರದಲ್ಲಿ, ತಮ್ಮಂತೆಯೇ ಅದುವರೆಗೆ ಸೋಲರಿಯದ ಆಲ್ಕಾರ್ನ್ ತಂಡವನ್ನು ಎದುರಿಸಿದಾಗ 60,000ಕ್ಕೂ ಮಿಕ್ಕ ಜನ ನೆರೆದಿದ್ದರು. ಅಂದು ವ್ಯಾಲಿಯವರು 42-28ರಿಂದ ಸೋತರೆಂಬುದನ್ನು ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ!

ಇಷ್ಟಾದರೂ ವೃತ್ತಿಪರ ತಂಡಗಳ ಪರೀಕ್ಷಕರಿಗೆ ಸಂಶಯ ಹೋಗಲಿಲ್ಲ: ಗಡಿಯಾರ ಹಿಡಿದು ನೋಡಿದರೆ ಓಟ ಸಾಧಾರಣ, ಎದುರಾಳಿಗಳೋ ಸಣ್ಣ ಕಾಲೇಜಿನವರು. ಸ್ಯಾನ್ ಫ್ರಾನ್ಸಿಸ್ಕೋ ತಂಡದ ತರಬೇತುದಾರ ಬಿಲ್ ವಾಲ್ಷ್ ಮಾತ್ರ, ಹೂಸ್ಟನ್ನಿನಲ್ಲಿ ಪಂದ್ಯದ ಹಿಂದಿನ ರಾತ್ರಿ ದೂರದರ್ಶನದಲ್ಲಿ ಕಂಡ ಆ ಹುಡುಗನನ್ನು ಮರೆಯಲಿಲ್ಲ. ಅದೇ ತಾನೆ ಸೂಪರ್ ಬೌಲ್ ಗೆದ್ದಿದ್ದ ಅವರ ತಂಡಕ್ಕೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ 1985ರ ಆಯ್ಕೆಯ ಮೊದಲ ಸುತ್ತಿನಲ್ಲಿ ಕಟ್ಟಕಡೆಯ ಸರದಿ. ನ್ಯೂ ಇಂಗ್ಲೆಂಡ್ ತಂಡದೊಡನೆ ವಿನಿಮಯ ಮಾಡಿಕೊಂಡು ವಾಲ್ಷರು 16ನೆಯ ಸ್ಥಾನಕ್ಕೆ ಬಂದು ರೈಸನನ್ನು ಆರಿಸಿದರು. ಅಷ್ಟರಲ್ಲಿ ಅಲ್ ಟೂನ್, ಎಡ್ಡಿ ಬ್ರೌನ್ ಎಂಬ ಇನ್ನಿಬ್ಬರು ರಿಸೀವರುಗಳನ್ನು ಬೇರೆ ತಂಡಗಳು ಆರಿಸಿಯಾಗಿತ್ತು.

ಇಟ್ಟಾ ಬೀನಾದ ಕ್ರೀಡಾಂಗಣಕ್ಕೆ ಈಗ ರೈಸ್ ಮತ್ತು ಟಾಟನ್ ಇಬ್ಬರ ಹೆಸರೂ ಇದೆ. ಕೂಲಿಯವರ ಹೆಸರನ್ನೂ ಜೊತೆಗೆ ಸೇರಿಸಿದ್ದರೆ ನ್ಯಾಯವಾಗುತ್ತಿತ್ತು.